ಶೇಕಡಾ ಒಂದು ಅಂದ್ರೆ ಡ್ರಮ್ಮಿಗೆ ಎಷ್ಟು? ಅದನ್ನೂ ಬರೀರಿ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಕೃಷಿ ಪುಟ ನಾನು ಬಿಡದೆ ಓದ್ತೀನಿ, ಒಳ್ಳೆ ಲೇಖನ ಬಂದ್ರೆ ಕಟ್ ಮಾಡಿ ಅಂಗಡಿ ಗೋಡೆಗೂ ಅಂಟಿಸ್ತೀನಿ, ಹಾಗಾಗಿ ಇದು ಬೈಯೋ ಪತ್ರ ಅಂತ ತಿಳ್ಕೋಬೇಡಿ. ಆದ್ರೆ ಮಳೆಗಾಲ ಹತ್ರ ಬಂತು ಅಂದ್ರೆ ನಿಮ್ಮಲ್ಲಿ ಒಂದು ಥರದ ಲೈನು ಬಂದೇ ಬರ್ತದೆ, "ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು", "ಶೇ 2ರ ಯೂರಿಯಾ ದ್ರಾವಣ ಕೊಡಬಹುದು", "ಶೇ 0.1ರ ಶಿಲೀಂಧ್ರನಾಶಕ ಬಳಸಿ", ಅಷ್ಟೇ, ಅಲ್ಲಿಗೆ ಲೇಖನ ಮುಗೀತು. ಯಾವುದರಲ್ಲಿ ಶೇಕಡಾ ಒಂದು, ತೂಕದಲ್ಲೋ ಲೀಟರ್‌ನಲ್ಲೋ, ಡಬ್ಬಿಯೊಳಗಿನ ಮಾಲಿನ ಲೆಕ್ಕವೋ ಅದರೊಳಗಿನ ಅಸಲಿ ಔಷಧಿಯ ಲೆಕ್ಕವೋ, ಇದ್ಯಾವುದೂ ಇರಲ್ಲ. ಓದಿದೋರು ಪೇಪರ್ ಮಡಚಿ ಜೇಬಿಗೆ ಹಾಕ್ಕೊಂಡು ಸೀದಾ ನಮ್ಮಂಥ ಗೊಬ್ಬರದಂಗಡಿಗೆ ಬರ್ತಾರೆ, "ಇದರಲ್ಲಿ ಹಾಕಿದ್ದಾರಲ್ಲ, ಇದು ನಮ್ಮ ಡ್ರಮ್ಮಿಗೆ ಎಷ್ಟು ಬೀಳ್ತದೆ ಮಾರಾಯ್ರೆ?" ಅಂತ. ಬಿಎಸ್ಸಿಲಿ ಕೆಮಿಸ್ಟ್ರಿ ಓದಿ ಈಗ ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಗೊಬ್ಬರ, ಔಷಧಿ ಮಾರೋ ನನಗೆ ಉತ್ತರ ಹೇಳೋದು ಕಷ್ಟ ಅಲ್ಲ. ಆದ್ರೆ ಎಲ್ಲ ಅಂಗಡಿಲೂ ಲೆಕ್ಕ ಮಾಡಿ ಹೇಳೋರು ಇರಲ್ಲ, ಜೂನ್ ತಿಂಗಳ ರಶ್ಶಲ್ಲಂತೂ ಇರೋರಿಗೂ ಪುರುಸೊತ್ತಿರಲ್ಲ, ಕೆಲವು ಕಡೆ "ಒಂದು ಮುಚ್ಚಳ ಹಾಕಿ ಸಾಕು" ಅಂತ ಕೈ ತೊಳ್ಕೊಳ್ತಾರೆ.

ಲೆಕ್ಕ ಅಂದ್ರೆ ಇರೋದು ಇಷ್ಟೇ. ಮೂರು ಸಂಗತಿ. ಒಳಗೆ ಕರಗಿರೋ ಮಾಲು ಎಷ್ಟು, ಮಾಲು ನೀರು ಎಲ್ಲ ಸೇರಿ ಒಟ್ಟು ಎಷ್ಟು, ಒಟ್ಟಿನಲ್ಲಿ ಮಾಲು ನೂರಕ್ಕೆ ಎಷ್ಟು. ಇದರಲ್ಲಿ ಎರಡು ಗೊತ್ತಿದ್ರೆ ಮೂರನೇದು ತಾನಾಗೇ ಬರ್ತದೆ. ನಮ್ಮ ಸ್ಕೂಲಲ್ಲಿ ಕಲಿಸೋದು ಮಾತ್ರ ಹೆಚ್ಚಾಗಿ ಒಂದೇ ದಿಕ್ಕು, ಇಷ್ಟು ಉಪ್ಪು ಇಷ್ಟು ನೀರು, ಶೇಕಡಾ ಎಷ್ಟು ಹೇಳು. ಜೀವನದಲ್ಲಿ ಬರೋದು ಉಲ್ಟಾ ದಿಕ್ಕು, ನನಗೆ ಇಷ್ಟು ಗ್ರಾಂ ಮಾಲು ಬೇಕು, ಕೈಯಲ್ಲಿರೋದು ಇಷ್ಟು ಪರ್ಸೆಂಟಿನ ದ್ರಾವಣ, ಹಾಗಾದ್ರೆ ಎಷ್ಟು ದ್ರಾವಣ ತಗೋಬೇಕು? ಬೇಕಾದ ಮಾಲಿನ ತೂಕಕ್ಕೆ 100 ಗುಣಿಸಿ ಪರ್ಸೆಂಟಿನಿಂದ ಭಾಗಿಸಿದ್ರೆ ಆಯ್ತು. 25 ಗ್ರಾಂ ಬೇಕು, ದ್ರಾವಣ ಶೇ 10ರದ್ದು, 250 ಗ್ರಾಂ ದ್ರಾವಣ ತೂಗಿ ತಗೊಳ್ಳಿ. ಮೊಬೈಲಲ್ಲೇ ಕ್ಯಾಲ್ಕುಲೇಟರ್ ಇದೆ ಈಗ, ಎರಡು ಸಲ ಒತ್ತಿದ್ರೆ ಮುಗೀತು.

ಬೋರ್ಡೋದಿಂದಾನೇ ಶುರು ಮಾಡ್ತೀನಿ ಯಾಕಂದ್ರೆ ನಮ್ಮ ಕಡೆ ಅಡಿಕೆ ತೋಟ ಇರೋರಿಗೆಲ್ಲ ಇದು ಊಟದಷ್ಟೇ ಗೊತ್ತಿರೋ ವಿಷಯ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಗೆ ಬರೋ ರೋಗಕ್ಕೆ ಮಿಲಾರ್ಡೆ ಅನ್ನೋ ವಿಜ್ಞಾನಿ 1885ರಲ್ಲಿ ಲೋಕಕ್ಕೆ ತಿಳಿಸಿದ ಮದ್ದು ಇದು. ರಸ್ತೆ ಬದಿಯ ಬಳ್ಳಿಯಿಂದ ಹೋಗೋರು ಬರೋರು ಹಣ್ಣು ಕೀಳ್ತಾರೆ ಅಂತ ಅಲ್ಲಿನ ರೈತರು ತುತ್ತ (ನೀಲಿ ಹರಳಿನ ತಾಮ್ರದ ಸಲ್ಫೇಟು), ಸುಣ್ಣ ಕಲಸಿ ಎರಚ್ತಿದ್ರಂತೆ, ಆ ಬಳ್ಳಿಗಳಿಗೆ ರೋಗ ಕಮ್ಮಿ ಇದ್ದದ್ದು ಆತನ ಕಣ್ಣಿಗೆ ಬಿತ್ತು. ನಮ್ಮ ಅಡಿಕೆ ಕೊಳೆರೋಗಕ್ಕೆ ಅದನ್ನ ಒಗ್ಗಿಸಿದ್ದು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅದಕ್ಕಿಂತ ಮುಂಚೆ ಗೊನೆಗೆ ಮುಸುಕಿನ ಹಾಗೆ ಕೊಟ್ಟೆ ಕಟ್ಟಿ ಮಳೆ ನೀರು ತಾಗದ ಹಾಗೆ ಕಾಯ್ತಿದ್ರು, ಈಗ್ಲೂ ಅಲ್ಲೊಬ್ರು ಇಲ್ಲೊಬ್ರು ಪ್ಲಾಸ್ಟಿಕ್ ಕಟ್ಟೋರಿದ್ದಾರೆ. ನೂರು ವರ್ಷ ದಾಟಿದ ಮದ್ದು, ಆದ್ರೂ ಪ್ರತಿ ವರ್ಷ ಅದೇ ಪ್ರಶ್ನೆ.

ಶೇ 1ರ ಬೋರ್ಡೋ ಅಂದ್ರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕೆಜಿ. ಇಲ್ಲಿವರೆಗೆ ಎಲ್ಲರಿಗೂ ಬಾಯಿಪಾಠ. ಉಲ್ಟಾ ಕೇಳಿದ್ರೆ ತಡವರಿಸ್ತಾರೆ ನೋಡಿ, ಹಿಂದಿನ ಸಲದ್ದು 700 ಗ್ರಾಂ ತುತ್ತ ಉಳಿದಿದೆ, ಅದರಲ್ಲಿ ಎಷ್ಟು ಮದ್ದು ಆಗ್ತದೆ? 700ಕ್ಕೆ 100 ಗುಣಿಸಿ 1ರಿಂದ ಭಾಗಿಸಿ, 70,000 ಗ್ರಾಂ, ಅಂದ್ರೆ 70 ಕೆಜಿ, ಇಷ್ಟು ತೆಳು ದ್ರಾವಣ ಲೀಟರಿಗೆ ಹೆಚ್ಚುಕಮ್ಮಿ ಕೆಜಿಯೇ ತೂಗೋದ್ರಿಂದ 70 ಲೀಟರ್ ಅನ್ನಬಹುದು. ಇದನ್ನ ಅಂದಾಜಲ್ಲಿ "ಅರ್ಧ ಡ್ರಮ್ಮಿಗೆ ಆಗ್ಬಹುದು" ಅಂತ ಮಾಡಿದ್ರೆ ಶೇ 0.7 ಆಗಿ ಕೂರ್ತದೆ, ಆಷಾಢದ ಮಳೆಗೆ ಅದು ಎಷ್ಟು ತಡೀತದೆ ಅಂತ ತೋಟದೋರಿಗೆ ನಾನು ಹೇಳ್ಬೇಕಾಗಿಲ್ಲ.

ಇದರಲ್ಲೇ ಇನ್ನೊಂದು ಗುಂಡಿ ಇದೆ, ಗಟ್ಟಿ ರೈತರೂ ಬೀಳೋ ಗುಂಡಿ. ತುತ್ತ ಬೇರೆ ಕರಗಿಸ್ಬೇಕು, ಸುಣ್ಣ ಬೇರೆ ಕರಗಿಸ್ಬೇಕು, ಆಮೇಲೆ ಸುಣ್ಣದ ನೀರಿಗೆ ತುತ್ತದ ನೀರನ್ನ ಕಲಕ್ತಾ ಹಾಕ್ಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು, ಇದು ಸರಿ. ಆದ್ರೆ ಕರಗಿಸೋದು 50 ಲೀಟರಲ್ಲಿ ಒಂದು, ಇನ್ನೊಂದು 50 ಲೀಟರಲ್ಲಿ ಇನ್ನೊಂದು, ಸೇರಿ 100. "100 ಲೀಟರ್ ನೀರಿಗೆ 1 ಕೆಜಿ" ಅಂತಷ್ಟೇ ಓದಿದೋರು ತುತ್ತಕ್ಕೆ 100 ಲೀಟರ್ ಹಿಡಿದು, ಸುಣ್ಣಕ್ಕೆ ಮತ್ತೆ 100 ಲೀಟರ್ ಹಿಡಿದು, ಎರಡನ್ನೂ ಕೂಡಿಸಿ 200 ಲೀಟರ್ ಮಾಡ್ತಾರೆ. ಬಣ್ಣ ಚಂದಾಗೇ ನೀಲಿ ಬರ್ತದೆ. ಚೂರಿ ಅದ್ದಿ ನೋಡಿದ್ರೆ ತಾಮ್ರವೂ ಕೂರಲ್ಲ, ಪಾಸ್. ಆದ್ರೆ ಅದು ಶೇ 0.5 ಸ್ವಾಮಿ. ಚೂರಿ ಅದ್ದೋದು ಸುಣ್ಣ ಸಾಕಾಯ್ತಾ ಇಲ್ವಾ ಅಂತ ನೋಡೋಕೆ, ದ್ರಾವಣ ಗಟ್ಟಿ ಇದೆಯಾ ಅಂತ ನೋಡೋಕಲ್ಲ. ಮರ ಹತ್ತೋ ಕೊನೆಗೌಡ್ರಿಗೆ ಈಗ ಕೊಡೋ ಕೂಲಿ, ದೋಟಿ ಬಾಡಿಗೆ ಎಲ್ಲ ಖರ್ಚು ಮಾಡಿ ಅರ್ಧ ಗಟ್ಟಿ ಮದ್ದು ಹೊಡೆಸಿ ಆಗಸ್ಟಲ್ಲಿ ಉದುರಿದ ಕಾಯಿ ಹೆಕ್ಕುವಾಗ "ತುತ್ತ ಡೂಪ್ಲಿಕೇಟು" ಅಂತ ಅಂಗಡಿಗೆ ಬಂದು ಜಗಳ ತೆಗೀತಾರೆ. ಡೂಪ್ಲಿಕೇಟ್ ಮಾಲು ಇರೋದೇ ಇಲ್ಲ ಅಂತ ನಾನು ಹೇಳ್ತಿಲ್ಲ, ಆದ್ರೆ ಜಗಳಕ್ಕೆ ಬಂದೋರ ಹತ್ರ "ನೀರು ಎಷ್ಟು ಹಿಡಿದ್ರಿ ಹೇಳಿ ನೋಡೋಣ" ಅಂತ ಕೇಳಿದ್ರೆ ಅರ್ಧಕ್ಕರ್ಧ ಜಗಳ ಅಲ್ಲೇ ತಣ್ಣಗಾಗ್ತದೆ.

ಇನ್ನು ಶೇ 1 ಅಂದ್ರೆ ತುತ್ತದ ಲೆಕ್ಕ, ತಾಮ್ರದ ಲೆಕ್ಕ ಅಲ್ಲ ಅನ್ನೋದೂ ಇದೆ. ನೀಲಿ ಹರಳಿನಲ್ಲಿ ತಾಮ್ರ ಇರೋದು ನೂರಕ್ಕೆ 25 ಚಿಲ್ಲರೆ, ಉಳಿದಿದ್ದು ಸಲ್ಫೇಟು ಮತ್ತೆ ಹರಳೊಳಗೇ ಕೂತಿರೋ ನೀರು. ಹಾಗಾಗಿ ಶೇ 1ರ ಬೋರ್ಡೋದಲ್ಲಿ ತಾಮ್ರ ಶೇ 0.25ರಷ್ಟು. ಬೋರ್ಡೋಗೆ ಇದರಿಂದ ತೊಂದ್ರೆ ಇಲ್ಲ ಯಾಕಂದ್ರೆ ಎಲ್ಲರೂ ಹರಳಿನ ಲೆಕ್ಕದಲ್ಲೇ ಮಾತಾಡೋದು. ತೊಂದ್ರೆ ಬರೋದು ಕಂಪನಿ ಡಬ್ಬಿಗಳಲ್ಲಿ. ಡಬ್ಬಿ ಮೇಲೆ 5 ಪರ್ಸೆಂಟ್ ಇಸಿ (ನೀರಲ್ಲಿ ಕಲಸೋ ಗಟ್ಟಿ ದ್ರವ) ಅಂತ ಇರ್ತದೆ, ಅಂದ್ರೆ ಡಬ್ಬಿಯೊಳಗಿನ ಮಾಲಿನಲ್ಲಿ ಅಸಲಿ ಔಷಧಿ ನೂರಕ್ಕೆ 5. ಈಗ ಪೇಪರಲ್ಲಿ "ಶೇ 0.1ರ ದ್ರಾವಣ" ಅಂತ ಬಂತು. ಇದು ಡಬ್ಬಿ ಮಾಲಿನ ಶೇ 0.1 ಆದ್ರೆ ಲೀಟರ್ ನೀರಿಗೆ 1 ಎಂಎಲ್. ಅಸಲಿ ಔಷಧಿಯ ಶೇ 0.1 ಆದ್ರೆ ಲೀಟರಿಗೆ 1 ಗ್ರಾಂ ಔಷಧಿ ಬೇಕು, 1ಕ್ಕೆ 100 ಗುಣಿಸಿ 5ರಿಂದ ಭಾಗಿಸಿದ್ರೆ 20, ಲೀಟರಿಗೆ 20 ಎಂಎಲ್! ಒಂದೇ ವಾಕ್ಯಕ್ಕೆ ಎರಡು ಅರ್ಥ, ಮಧ್ಯ ಇಪ್ಪತ್ತು ಪಟ್ಟು ವ್ಯತ್ಯಾಸ. ಒಂದು ಕಡೆ ಹೋದ್ರೆ ಗಿಡ ಸುಟ್ಟು ದುಡ್ಡು ಹಾಳು, ಇನ್ನೊಂದು ಕಡೆ ಹೋದ್ರೆ ರೋಗ ನಗ್ತಾ ಕೂರ್ತದೆ. ಲೇಖನ ಬರೆಯೋ ತಜ್ಞರಿಗೆ ಅವರವರಲ್ಲಿ ಒಂದು ರೂಢಿ ಇರಬಹುದು, ಓದೋ ನಮಗೆ ಆ ರೂಢಿ ಗೊತ್ತಿರಲ್ಲ. ಅಲ್ಲೊಂದು ಮಾತು ಸೇರಿಸಿ, "ಲೀಟರಿಗೆ ಇಂಥ ಡಬ್ಬಿಯ ಇಷ್ಟು ಎಂಎಲ್" ಅಂತ. ನನ್ನ ಪತ್ರದಲ್ಲಿ ಬೇರೇನೂ ಪ್ರಿಂಟ್ ಮಾಡದಿದ್ರೂ ಇದೊಂದು ಪ್ಯಾರಾ ಮಾಡಿ.

ಶೇ 2ರ ಯೂರಿಯಾಕ್ಕೆ ಇಷ್ಟು ತಲೆಬಿಸಿ ಇಲ್ಲ, ಲೀಟರಿಗೆ 20 ಗ್ರಾಂ.

ನೀವು ಕೇಳ್ಬಹುದು, ತೂಕದ ಶೇಕಡಾ ಅಂದ್ಮೇಲೆ 1 ಕೆಜಿ ತುತ್ತಕ್ಕೆ 100 ಲೀಟರ್ ನೀರು ಹಾಕಿದ್ರೆ, ಸುಣ್ಣವೂ ಸೇರಿ ಒಟ್ಟು 102 ಕೆಜಿ ಆಗ್ತದಲ್ಲ, ಶೇ 0.98 ತಾನೇ ಅಂತ. ನಮ್ಮಲ್ಲಿ ಒಬ್ರು ನಿವೃತ್ತ ಮೇಷ್ಟ್ರು ಇದನ್ನೇ ಹಿಡ್ಕೊಂಡು ಅಂಗಡಿಲಿ ಒಂದು ಬೆಳಗ್ಗೆ ಪೂರ್ತಿ ಚರ್ಚೆ ಮಾಡಿದ್ರು, ಅವರು ಹೇಳಿದ್ದು ಪುಸ್ತಕದ ಪ್ರಕಾರ ಸರಿಯೇ. ಆದ್ರೆ ಕೊನೆಗೌಡ ಮರದ ತುದಿಲಿ ಗಾಳಿಗೆ ತೂಗಾಡ್ತಾ ಹೊಡೆಯುವಾಗ 0.98ಕ್ಕೂ 1ಕ್ಕೂ ಯಾವ ವ್ಯತ್ಯಾಸ. ತೆಳು ದ್ರಾವಣದಲ್ಲಿ ನೀರಿನ ಲೆಕ್ಕ ಹಿಡಿದ್ರೂ ಒಟ್ಟಿನ ಲೆಕ್ಕ ಹಿಡಿದ್ರೂ, ತೂಕ ನೋಡಿದ್ರೂ ಲೀಟರ್ ನೋಡಿದ್ರೂ, ಉತ್ತರ ಹತ್ತಿರ ಹತ್ತಿರವೇ ಬರ್ತದೆ. ದ್ರಾವಣ ಗಟ್ಟಿ ಆಗ್ತಾ ಹೋದ ಹಾಗೆ ಇವೆಲ್ಲ ಒಂದೊಂದು ದಾರಿ ಹಿಡೀತವೆ, ಎಲ್ಲಿ ಸಲೀಸಾಗಿ ಬಿಡಬಹುದು ಎಲ್ಲಿ ಬಿಡಬಾರದು ಅನ್ನೋದು ಗೊತ್ತಿರ್ಬೇಕು ಅಷ್ಟೇ.

ನಮ್ಮ ಮನೇಲಿರೋ ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಒಂದು ಲೆಕ್ಕ ಇದೆ, 320 ಗ್ರಾಂ ನೀರಿಗೆ 40 ಗ್ರಾಂ ಉಪ್ಪು. ಮಕ್ಕಳ ಕೈಲಿ ಮಾಡಿಸಿದ್ರೆ ಸುಮಾರು ಜನ 40ನ್ನ 320ರಿಂದ ಭಾಗಿಸಿ ಶೇ 12.5 ಅಂತ ತರ್ತಾರೆ. ಒಟ್ಟು 360 ಗ್ರಾಂ, ಉತ್ತರ ಶೇ 11.1. ಇಲ್ಲಿ ವ್ಯತ್ಯಾಸ ಚಿಕ್ಕದಲ್ಲ ನೋಡಿ. ಈಗ ಅದನ್ನೇ ಉಲ್ಟಾ ಕೇಳಿ, ಈ ದ್ರಾವಣದಿಂದ ನನಗೆ 50 ಗ್ರಾಂ ಉಪ್ಪು ಸಿಗಬೇಕು, ಎಷ್ಟು ತಗೊಳ್ಲಿ? 450 ಗ್ರಾಂ. 12.5 ಅಂತ ನಂಬಿದ ಹುಡುಗ 400 ಗ್ರಾಂ ತಗೊಂಡು ಬರ್ತಾನೆ, ಅದರಲ್ಲಿ ಉಪ್ಪು 44 ಚಿಲ್ಲರೆ ಗ್ರಾಮೇ ಇರೋದು. ಉಪ್ಪಾದ್ರೆ ಹೋಗ್ಲಿ ಬಿಡಿ.

ಗಟ್ಟಿ ದ್ರಾವಣ ಅಂದ್ರೆ ನಮ್ಮ ಕಡೆ ಕೈಗೆ ಸಿಗೋ ಉದಾಹರಣೆ ಜೇನಿಗೆ ಕೊಡೋ ಸಕ್ಕರೆ ಪಾಕ. ಮಳೆಗಾಲದಲ್ಲಿ ಹೂವಿಲ್ಲದ ತಿಂಗಳುಗಳಲ್ಲಿ ತುಡುವೆ ಪೆಟ್ಟಿಗೆ ಸಾಕೋರು ಪಾಕ ಇಡ್ತಾರಲ್ಲ, ಸಮ ಸಮ, 1 ಕೆಜಿ ಸಕ್ಕರೆಗೆ 1 ಲೀಟರ್ ನೀರು. ತೂಕದಲ್ಲಿ ನೋಡಿದ್ರೆ ಇದು ಸೊಗಸಾದ ಶೇ 50ರ ದ್ರಾವಣ, 2 ಕೆಜಿ ಪಾಕದಲ್ಲಿ 1 ಕೆಜಿ ಸಕ್ಕರೆ. ಆದ್ರೆ ಅಳೆದು ನೋಡಿ, 2 ಲೀಟರ್ ಆಗಲ್ಲ, 1.6 ಲೀಟರ್ ಚಿಲ್ಲರೆ ಆಗ್ತದೆ, ಯಾಕಂದ್ರೆ ಇಷ್ಟು ಗಟ್ಟಿ ಪಾಕ ಲೀಟರಿಗೆ 1.23 ಕೆಜಿ ತೂಗ್ತದೆ. ಈಗ 15 ಪೆಟ್ಟಿಗೆ ಇರೋ ಒಬ್ರು ಪೆಟ್ಟಿಗೆಗೆ 100 ಗ್ರಾಂ ಸಕ್ಕರೆ ಹೋಗ್ಲಿ ಅಂತ ಲೆಕ್ಕ ಹಾಕಿ ಒಂದೂವರೆ ಕೆಜಿ ಸಕ್ಕರೆ, ಒಂದೂವರೆ ಲೀಟರ್ ನೀರು ಕಲಸಿ 3 ಕೆಜಿ ಪಾಕ ಮಾಡಿದ್ರು ಅಂತಿಟ್ಕೊಳ್ಳಿ. ಒಂದು ಪೆಟ್ಟಿಗೆಗೆ 100 ಗ್ರಾಂ ಸಕ್ಕರೆ ಬೇಕು, ಶೇ 50, ಹಾಗಾಗಿ 200 ಗ್ರಾಂ ಪಾಕ, ಇಲ್ಲಿವರೆಗೂ ಲೆಕ್ಕ ಸರಿ. ಅಳತೆ ಲೋಟ ತಗೊಂಡು 200 ಎಂಎಲ್ ಹೊಯ್ತಾ ಹೋದ್ರೋ, ಹನ್ನೆರಡನೇ ಪೆಟ್ಟಿಗೆಗೆ ಪಾತ್ರೆ ಖಾಲಿ. ಮೂರು ಪೆಟ್ಟಿಗೆಗೆ ಇಲ್ಲ. ಸಕ್ಕರೆ ಯಾರೂ ಕದ್ದಿಲ್ಲ, ಪ್ರತಿ ಲೋಟದಲ್ಲೂ 100ರ ಬದಲು 123 ಗ್ರಾಂ ಹೋಗಿದೆ. 200 ಗ್ರಾಂ ಅಂದ್ರೆ ಲೋಟದಲ್ಲಿ 163 ಎಂಎಲ್ ಹತ್ರ, ಅಥವಾ ಲೋಟದ ಗೊಡವೆಯೇ ಬೇಡ, ಅಡುಗೆಮನೆ ತಕ್ಕಡಿ ಮೇಲಿಟ್ಟು ತೂಗಿ. ತೂಕದ ಶೇಕಡಾ ಅಂದ್ಮೇಲೆ ತೂಗ್ಲೇಬೇಕು, ತೂಗೋಕೆ ಆಗದಿದ್ರೆ ಸಾಂದ್ರತೆ (ಲೀಟರಿಗೆ ಎಷ್ಟು ಕೆಜಿ ತೂಗ್ತದೆ ಅನ್ನೋದು) ಗೊತ್ತಿದ್ದು ಅದರಿಂದ ಭಾಗಿಸ್ಬೇಕು, ಮಧ್ಯದ ದಾರಿ ಇಲ್ಲ.

ಆ್ಯಸಿಡ್ ವಿಷಯದಲ್ಲೂ ಇದೇ. ಕಾಲೇಜು ಲ್ಯಾಬಿಗೆ ಬರೋ ಗಟ್ಟಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಬಾಟ್ಲಿ ಮೇಲೆ ಶೇ 37 ಅಂತ ಇದ್ರೆ ಅದು ತೂಕಕ್ಕೆ ತೂಕದ ಲೆಕ್ಕ, 37 ಗ್ರಾಂ ಬೇಕಿದ್ರೆ 100 ಗ್ರಾಂ ಆ್ಯಸಿಡ್. ಸಾಂದ್ರತೆ 1.18 ಅಂತ ಬಾಟ್ಲಿ ಮೇಲೇ ಇರ್ತದೆ, ಭಾಗಿಸಿದ್ರೆ 85 ಎಂಎಲ್. ಅದನ್ನ ಬಿಟ್ಟು 100 ಎಂಎಲ್ ಹೊಯ್ದ್ರೆ ಹೆಚ್ಚುಕಮ್ಮಿ 44 ಗ್ರಾಂ ಬಂದಿರ್ತದೆ. ಆಸ್ಪತ್ರೆಯ ಗ್ಲೂಕೋಸ್ ಬಾಟ್ಲಿ ಮಾತ್ರ ಬೇರೆ ಜಾತಿ. ಶೇ 5 ಡೆಕ್ಸ್ಟ್ರೋಸ್ ಅಂದ್ರೆ ಅಲ್ಲಿ 100 ಎಂಎಲ್‌ಗೆ 5 ಗ್ರಾಂ, ಅರ್ಧ ಲೀಟರ್ ಬಾಟ್ಲಿಲಿ 25 ಗ್ರಾಂ, ಸಲೈನ್ ಶೇ 0.9, ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಉಪ್ಪು. ಔಷಧಿ ಕೆಲಸದೋರು ತೂಕ ಮತ್ತು ಎಂಎಲ್ ಸೇರಿಸಿದ ಈ ಲೆಕ್ಕವನ್ನೇ ಇಟ್ಕೊಂಡಿದ್ದಾರೆ ಯಾಕಂದ್ರೆ ಸಿರಿಂಜಿನಲ್ಲಿ ಅಳೆಯೋದು ಎಂಎಲ್ ತಾನೇ. ಬಾಟ್ಲಿ ತಿರುಗಿಸಿ ಓದಿದ್ರೆ ಯಾವ ಲೆಕ್ಕ ಅಂತ ಸಣ್ಣಕ್ಷರದಲ್ಲಿ ಹಾಕಿರ್ತಾರೆ, ಪೇಪರಲ್ಲಿ ಆ ಸಣ್ಣಕ್ಷರವೂ ಇರಲ್ಲ ಅನ್ನೋದೇ ನನ್ನ ತಕರಾರು.

ದ್ರಾವಣ ಬಿಟ್ಟು ಗೊಬ್ಬರಕ್ಕೆ ಬನ್ನಿ, ಅಲ್ಲೂ ಇದೇ ಭಾಗಾಕಾರ. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಅಂತ ಶಿಫಾರಸು ಇದೆ, ನಿಮ್ಮ ಪುಟದಲ್ಲೂ ಹಲವು ಸಲ ಬಂದಿದೆ. ಇದನ್ನ ಓದಿ 100 ಗ್ರಾಂ ಯೂರಿಯಾ ಹಾಕಿ ಬಂದೋರು ಎಷ್ಟು ಜನ ಬೇಕು ನಿಮಗೆ! ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಮಾತ್ರ, ಹಾಗಾಗಿ 100ಕ್ಕೆ 100 ಗುಣಿಸಿ 46ರಿಂದ ಭಾಗಿಸಿ, 217 ಗ್ರಾಂ ಬೇಕು. ಪೊಟ್ಯಾಶ್ ಗೊಬ್ಬರದಲ್ಲಿ 60, ಅದಕ್ಕೆ 233 ಗ್ರಾಂ. ರಾಕ್ ಫಾಸ್ಫೇಟಿನಲ್ಲಿ 20 ಇದ್ರೆ 200 ಗ್ರಾಂ. ನೂರು ಮರದ ತೋಟಕ್ಕೆ 21.7 ಕೆಜಿ ಯೂರಿಯಾ, 45 ಕೆಜಿಯ ಒಂದು ಚೀಲದಲ್ಲಿ ಸಾರಜನಕ 20.7 ಕೆಜಿ ಇರೋದ್ರಿಂದ ಆ ಚೀಲ ಇನ್ನೂರು ಮರ ದಾಟ್ತದೆ. ತಮಾಷೆ ಏನಂದ್ರೆ ಡೈರಿಗೆ ಹಾಲು ಹಾಕೋ ಹೆಂಗಸರಿಗೆ ಈ ಲೆಕ್ಕ ಯಾರೂ ಹೇಳಿಕೊಡ್ಬೇಕಾಗಿಲ್ಲ. ಫ್ಯಾಟ್ ಇಷ್ಟು ಬಂತು, ಹಾಲು ಇಷ್ಟು ಕೆಜಿ, ದುಡ್ಡು ಇಷ್ಟು ಬರ್ಬೇಕು ಅಂತ ಚೀಟಿ ನೋಡೋಕೆ ಮುಂಚೆ ಬಾಯಲ್ಲೇ ಹೇಳ್ತಾರೆ, ಫ್ಯಾಟ್ ಒಂದು ಪಾಯಿಂಟ್ ಕಮ್ಮಿ ಬಂದ್ರೆ ಕಾರ್ಯದರ್ಶಿ ಕಥೆ ಮುಗೀತು. ದುಡ್ಡು ಎದುರಿಗಿದ್ರೆ ಶೇಕಡಾ ತಾನಾಗೇ ಬರ್ತದೆ ಅಂತ ಕಾಣ್ತದೆ.

ಬ್ಲೀಚಿಂಗ್ ಪೌಡರ್ ವಿಷಯ ಹೇಳದೆ ಬಿಡೋ ಹಾಗಿಲ್ಲ, ಮಳೆ ಶುರುವಾದ್ರೆ ಎಲ್ಲ ಕಡೆ ಬಾವಿಗೆ ಹಾಕಿ ಹಾಕಿ ಅಂತ ಹೇಳ್ತಾರಲ್ಲ. ಹೊಸ ಪೌಡರಿನಲ್ಲಿ ಉಪಯೋಗಕ್ಕೆ ಬರೋ ಕ್ಲೋರಿನ್ ನೂರಕ್ಕೆ 33ರ ಹತ್ರ. ಚೀಲ ಬಿಚ್ಚಿಟ್ಟು ಗಾಳಿ, ತೇವ, ಬಿಸಿಲು ತಾಗಿದ್ರೆ ಅದು ಇಳೀತಾ ಹೋಗ್ತದೆ. 3 ಮೀಟರ್ ಅಗಲದ ಬಾವಿಲಿ 4 ಮೀಟರ್ ನೀರು ನಿಂತಿದ್ರೆ ಅದು 28 ಸಾವಿರ ಲೀಟರ್ ಚಿಲ್ಲರೆ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಕೊಡ್ಬೇಕು ಅಂತಿಟ್ಕೊಂಡ್ರೆ ಒಟ್ಟು 56 ಗ್ರಾಂ ಕ್ಲೋರಿನ್. ಹೊಸ ಪೌಡರಾದ್ರೆ 170 ಗ್ರಾಂ. ಅದೇ ಪೌಡರ್ ಮೂಲೇಲಿ ಬಿದ್ದು ಶೇ 20ಕ್ಕೆ ಇಳಿದಿದ್ರೆ 280 ಗ್ರಾಂ ಬೇಕು. ಒಂದೇ ಬಾವಿ, ಒಂದೇ ಬಿಳಿ ಪುಡಿ, ಆದ್ರೆ "ಎರಡು ಮುಷ್ಟಿ ಹಾಕಿ" ಅನ್ನೋ ಸಲಹೆಗೆ ಇದ್ಯಾವುದೂ ಕಾಣಲ್ಲ. ಚೀಲದ ಮೇಲಿರೋ ಪರ್ಸೆಂಟು ತುಂಬಿದ ದಿನದ್ದು, ಬಿಚ್ಚಿ ತಿಂಗಳುಗಟ್ಲೆ ಇಟ್ಟದ್ದಕ್ಕೆ ಆ ನಂಬರ್ ಹಿಡಿದು ಲೆಕ್ಕ ಮಾಡಿದ್ರೆ ಲೆಕ್ಕ ಸರಿ ಇದ್ದೂ ಕೆಲಸ ಆಗಲ್ಲ.

ಕೊರೊನಾ ಕಾಲದಲ್ಲಿ ಶೇ 1ರ ಹೈಪೋಕ್ಲೋರೈಟ್ (ಸೋಂಕು ಕೊಲ್ಲೋ ಕ್ಲೋರಿನ್ ದ್ರಾವಣ) ಅಂತ ಊರೆಲ್ಲ ಹೊಡೆದ್ರಲ್ಲ, ಆಗ ಓಡಾಡಿದ ಇನ್ನೊಂದು ಲೆಕ್ಕ ನೆನಪಾಯ್ತು. ಕ್ಯಾನಿನಲ್ಲಿರೋದು ಶೇ 5, ಬೇಕಾಗಿರೋದು ಶೇ 1, ಐದರಲ್ಲಿ ಒಂದು, ಹಾಗಾಗಿ ಒಂದು ಭಾಗಕ್ಕೆ ಐದು ಭಾಗ ನೀರು ಅಂತ. ಕೇಳೋಕೆ ಚಂದ. ಒಂದು, ಐದು ಸೇರಿ ಆರಾಯ್ತಲ್ಲ, ಐದನ್ನ ಆರರಿಂದ ಭಾಗಿಸಿದ್ರೆ 0.83. ನೀರು ನಾಲ್ಕೇ ಭಾಗ, ಒಟ್ಟು ಐದು. 10 ಲೀಟರ್ ಬೇಕಿದ್ರೆ 2 ಲೀಟರ್ ಕ್ಯಾನಿನದ್ದು ಹೊಯ್ದು 10ರ ಗೆರೆವರೆಗೆ ನೀರು ತುಂಬಿಸಿ, ನೀರನ್ನ ಬೇರೆ ಅಳೆಯೋದೇ ಬೇಡ. "ಇಷ್ಟು ನೀರು ಹಾಕಿ" ಅಂತ ಬರೆಯೋಕಿಂತ "ಇಷ್ಟಾಗೋವರೆಗೆ ನೀರು ತುಂಬಿಸಿ" ಅಂತ ಬರೆದ್ರೆ ಇಂಥ ಅರ್ಧ ಗೊಂದಲ ಹೋಗ್ತದೆ, ಅಕ್ಷರವೂ ಹೆಚ್ಚು ಖರ್ಚಾಗಲ್ಲ.

ಶಿಕ್ಷಣದ ಬಗ್ಗೆ ಎರಡು ಮಾತು, ಯಾಕಂದ್ರೆ ನಿಮ್ಮಲ್ಲಿ ವಿದ್ಯಾರ್ಥಿಗಳ ಪುಟವೂ ಬರ್ತದೆ. ಪಿಯುಸಿ ಮಕ್ಕಳು ಮೋಲಾರಿಟಿ ಮೋಲಾಲಿಟಿ ಎಲ್ಲ ಫಾರ್ಮುಲಾ ಹಾಕಿ ಫಟಾಫಟ್ ಮಾಡ್ತಾರೆ, ಅವರಿಗೇ "200 ಗ್ರಾಂ ಶೇ 10ರ ದ್ರಾವಣ, 300 ಗ್ರಾಂ ಶೇ 20ರದ್ದು ಸೇರಿಸಿದ್ರೆ ಎಷ್ಟು" ಅಂತ ಕೇಳಿ, ಯೋಚನೆ ಮಾಡದೆ 15 ಅನ್ನೋರು ಬೇಕಾದಷ್ಟು ಸಿಗ್ತಾರೆ. ಒಂದರಲ್ಲಿ 20 ಗ್ರಾಂ ಮಾಲು, ಇನ್ನೊಂದರಲ್ಲಿ 60, ಸೇರಿ 80, ಒಟ್ಟು 500, ಉತ್ತರ 16. ಶೇಕಡಾಗಳನ್ನ ಕೂಡಿಸಿ ಅರ್ಧ ಮಾಡೋಕಾಗಲ್ಲ, ಕೂಡಿಸ್ಬೇಕಾದ್ದು ಮಾಲಿನ ತೂಕ. ತಪ್ಪು ಮಕ್ಕಳದ್ದಲ್ಲ, ಪರೀಕ್ಷೆಲಿ ಲೆಕ್ಕ ಬರೋದು ಯಾವಾಗ್ಲೂ ಸೋಡಿಯಂ ಕ್ಲೋರೈಡ್, ಗ್ಲೂಕೋಸ್, ಬೀಕರ್. ಮನೆ ಹಿಂದೆ ತೋಟದಲ್ಲಿ ಅಪ್ಪ ನೀಲಿ ಡ್ರಮ್ಮಿನ ಮುಂದೆ ನಿಂತು "700 ಗ್ರಾಂ ಇದೆ, ಎಷ್ಟು ನೀರು ಹಿಡೀಲಿ ಮಗಾ" ಅಂದ್ರೆ ಅದೂ ಅದೇ ಚಾಪ್ಟರು ಅಂತ ಹೊಳೆಯೋದೇ ಇಲ್ಲ. ನಮ್ಮ ಅಂಗಡಿಗೆ ಅಪ್ಪನ ಜೊತೆ ಬರೋ ಪಿಯುಸಿ ಹುಡುಗೀರು ಹುಡುಗರಿಗೆ ನಾನೇ ಡಬ್ಬಿ ಕೊಟ್ಟು ಲೇಬಲ್ ಓದಿಸಿ ಲೆಕ್ಕ ಮಾಡಿಸ್ತೀನಿ, ಮೊದಲು ನಾಚ್ಕೋತಾರೆ, ಆಮೇಲೆ ಅಪ್ಪನ್ನೇ ತಿದ್ದೋಕೆ ಶುರು ಮಾಡ್ತಾರೆ, ಅಪ್ಪಂದಿರಿಗೆ ಅದೊಂದು ಖುಷಿ. ಹಿಂದೆ ನಿಂತಿರೋ ಗಿರಾಕಿಗಳು ಮಾತ್ರ "ಇದೆಂತ ಸ್ಕೂಲಾ" ಅಂತ ಗೊಣಗ್ತಾರೆ.

ಒಟ್ಟು ನನ್ನ ಕೋರಿಕೆ ದೊಡ್ಡದೇನಲ್ಲ. ಕೃಷಿ ಪುಟದಲ್ಲಿ ಶೇಕಡಾ ಅಂತ ಬಂದಲ್ಲೆಲ್ಲ ಅದರ ಪಕ್ಕದಲ್ಲೇ ಯಾವ ಮಾಲು, ಎಷ್ಟು ಗ್ರಾಂ ಅಥವಾ ಎಂಎಲ್, ಒಟ್ಟು ಎಷ್ಟು ಲೀಟರಿಗೆ ಅಂತ ಹಾಕಿ. ಕಂಪನಿ ಡಬ್ಬಿಯಾದ್ರೆ ಎಷ್ಟು ಪರ್ಸೆಂಟಿನ ಡಬ್ಬಿ ಅಂತಲೂ ಹಾಕಿ, ಯಾಕಂದ್ರೆ ಒಂದೇ ಔಷಧಿ ಬೇರೆ ಬೇರೆ ಗಟ್ಟಿಲಿ ಮಾರ್ಕೆಟ್ಟಲ್ಲಿ ಇರ್ತದೆ. ಲೇಖನ ಕಳಿಸೋ ತಜ್ಞರು ಬರೆಯದಿದ್ರೆ ನಿಮ್ಮ ಡೆಸ್ಕಿನೋರು ಫೋನ್ ಮಾಡಿ ಕೇಳಿ. 16 ಲೀಟರಿನ ಬೆನ್ನಿನ ಪಂಪಿಗೆ ಎಷ್ಟು, 200 ಲೀಟರಿನ ಡ್ರಮ್ಮಿಗೆ ಎಷ್ಟು ಅಂತ ಎರಡು ಸಾಲಿನ ಬಾಕ್ಸ್ ಮಾಡಿದ್ರೆ ಇನ್ನೂ ಒಳ್ಳೇದು, ನಾನು ಅದನ್ನ ಕಟ್ ಮಾಡಿ ತಕ್ಕಡಿ ಪಕ್ಕದಲ್ಲೇ ಅಂಟಿಸ್ತೀನಿ. ಬೋರ್ಡೋದ ಲೇಖನ ಹಾಕುವಾಗ "ತುತ್ತಕ್ಕೆ 50 ಲೀಟರ್, ಸುಣ್ಣಕ್ಕೆ 50 ಲೀಟರ್, ಒಟ್ಟು 100" ಅನ್ನೋದನ್ನ ದಪ್ಪಕ್ಷರದಲ್ಲಿ ಹಾಕಿ. ಮೊದಲನೇ ಮದ್ದು ಮಳೆ ಹಿಡಿಯೋಕೆ ಮುಂಚೆ ಆಗ್ಬೇಕು, ಹಾಗಾಗಿ ಜೂನ್ ಮಧ್ಯಕ್ಕೆ ಹಾಕಿದ್ರೆ ಉಪಯೋಗ ಇಲ್ಲ, ಮೇ ತಿಂಗಳ ಮೂರನೇ ವಾರದೊಳಗೆ ಬರ್ಲಿ. ಪುಟದಲ್ಲಿ ಜಾಗ ಸಾಲದಿದ್ರೆ ತಜ್ಞರ ಫೋಟೋ ಸ್ವಲ್ಪ ಚಿಕ್ಕದು ಮಾಡಿ, ಅವರೇನೂ ಬೇಜಾರು ಮಾಡ್ಕೊಳ್ಳಲ್ಲ.

ಇಂತಿ,
ಗೊಬ್ಬರದಂಗಡಿ ಇಟ್ಕೊಂಡಿರೋ ನಿಮ್ಮ ಓದುಗ, ಮಲೆನಾಡು